ಹೊಸಬರಿಗೆ ಮಾರ್ಗದರ್ಶಿ: ಪ್ರಾಥಮಿಕ ಶಾಲೆಯ ಪಾಠದಾಚೆಗಿನ ವಿಷಯಗಳು

ಇಂಗ್ಲೆಂಡಿನ ಪ್ರಾಥಮಿಕ ಶಾಲೆ ಮಧ್ಯಾಹ್ನ ಮೂರೂಕಾಲರ ಆಸುಪಾಸಿಗೆ ಬಿಡುತ್ತದೆ. ನಿಮ್ಮ ಕಚೇರಿ ಬಿಡುವುದಿಲ್ಲ. ಊರಿನಿಂದ ಬರುವ ಅಜ್ಜಿಯ ವೀಸಾ ಆರು ತಿಂಗಳಿನದು. ಅವರನ್ನು ನಂಬಿ ವರ್ಷದ ಲೆಕ್ಕ ಹಾಕಬೇಡಿ.

ಶಾಲೆಗೆ ಮೊದಲು, ನಂತರ ಮಕ್ಕಳನ್ನು ನೋಡಿಕೊಳ್ಳುವ ಬೆಳಗಿನ ಉಪಾಹಾರ ಕ್ಲಬ್ಬು, ಸಂಜೆಯ ಕ್ಲಬ್ಬು ಪ್ರವೇಶದೊಂದಿಗೆ ತಾನಾಗಿ ಬರುವುದಿಲ್ಲ. ಅರ್ಜಿ ಬೇರೆ, ಶುಲ್ಕ ಬೇರೆ, ಕಾಯುವ ಪಟ್ಟಿಯೂ ಬೇರೆ. ಸೀಟು ಸಿಕ್ಕ ದಿನವೇ ಹೆಸರು ಕೊಡಿ. ಶಾಲೆ ಶುರುವಾಗುವ ಸೆಪ್ಟೆಂಬರ್‌ನಲ್ಲಿ ನಮ್ಮ ಸಂಘಕ್ಕೆ ಫೋನ್ ಮಾಡಿ ಗೋಳಾಡಬೇಡಿ. 2025ರ ಏಪ್ರಿಲ್‌ನಲ್ಲಿ 750 ಶಾಲೆಗಳಲ್ಲಿ ಅರ್ಧ ಗಂಟೆಯ ಉಚಿತ ಉಪಾಹಾರ ಕ್ಲಬ್ಬು ಶುರುವಾಯಿತು. ನಿಮ್ಮ ಶಾಲೆಯಲ್ಲಿ ಇದೆಯೇ, ಕೇಳಿ.

ಹಣದ ವಿಷಯ:
- ಸರ್ಕಾರಿ ಅನುದಾನದ ಶಾಲೆಗಳಲ್ಲಿ ರಿಸೆಪ್ಷನ್ (ಒಂದನೇ ವರ್ಷಕ್ಕೂ ಮೊದಲಿನ ತರಗತಿ), ಒಂದು, ಎರಡನೇ ವರ್ಷದ ಮಕ್ಕಳಿಗೆ ಮಧ್ಯಾಹ್ನದ ಊಟ ಉಚಿತ.
- ಟ್ಯಾಕ್ಸ್ ಫ್ರೀ ಚೈಲ್ಡ್‌ಕೇರ್ (ಮಕ್ಕಳನ್ನು ನೋಡಿಕೊಳ್ಳುವ ಖರ್ಚಿಗೆ ಸರ್ಕಾರದ ನೆರವಿನ ಖಾತೆ): ನೀವು 8 ಪೌಂಡ್ ಹಾಕಿದರೆ ಸರ್ಕಾರ 2 ಸೇರಿಸುತ್ತದೆ. ಆದರೆ ದಂಪತಿಗಳಿಬ್ಬರ ವೀಸಾದಲ್ಲೂ ಸಾರ್ವಜನಿಕ ನಿಧಿಯ ನಿರ್ಬಂಧ (ಸರ್ಕಾರಿ ನೆರವು ಪಡೆಯುವಂತಿಲ್ಲ ಎಂಬ ಷರತ್ತು) ಇದ್ದರೆ ಸಿಗದು.

ಇನ್ನು ಯಾರೂ ಬಾಯಿಬಿಡದ ವಿಷಯ. ಶಾಲೆಯಿಂದ ಫೋನ್ ಬರುತ್ತದೆ: "ಮಗು ಇವತ್ತು ಗಲಾಟೆ ಮಾಡುತ್ತಿದೆ, ಬೇಗ ಕರೆದುಕೊಂಡು ಹೋಗಿ." ಮೇಷ್ಟ್ರು ಹೇಳಿದ ಮೇಲೆ ಮುಗಿಯಿತು ಎಂದು ಬೆಳೆದವರು ನಾವು, ಕ್ಷಮೆ ಕೇಳಿ ಕರೆತರುತ್ತೇವೆ, ಮರುವಾರ ಮತ್ತೆ ಅದೇ ಫೋನ್. ಮಗು ಶಾಂತವಾಗಲಿ ಎಂದು ಅಮಾನತು ಎಂದು ದಾಖಲಿಸದೆ ಮನೆಗೆ ಕಳುಹಿಸುವುದು ಕಾನೂನುಬಾಹಿರ. ಅಮಾನತು ಮಾಡುವ ಅಧಿಕಾರ ಮುಖ್ಯೋಪಾಧ್ಯಾಯರದು ಮಾತ್ರ. ಕಾರಣ ಮತ್ತು ಅವಧಿಯನ್ನು ಬರಹದಲ್ಲಿ ತಿಳಿಸಲೇಬೇಕು. ವರ್ಷಕ್ಕೆ ಒಟ್ಟು 45 ದಿನ ಮೀರುವಂತಿಲ್ಲ. ಮೊದಲ ಐದು ದಿನ ಶಾಲೆಯ ಸಮಯದಲ್ಲಿ ಮಗು ಸರಿಯಾದ ಕಾರಣವಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ಕಂಡರೆ ನಿಮಗೇ ದಂಡ ಬೀಳಬಹುದು. ಆರನೇ ದಿನದಿಂದ ಪೂರ್ಣಾವಧಿ ಶಿಕ್ಷಣದ ವ್ಯವಸ್ಥೆ ಶಾಲೆಯ ಹೊಣೆ. ಶಾಶ್ವತವಾಗಿ ಹೊರಹಾಕಿದ್ದರೆ ಕೌನ್ಸಿಲ್‌ನ (ಸ್ಥಳೀಯ ಆಡಳಿತದ) ಹೊಣೆ.

ಆ ವ್ಯವಸ್ಥೆಯೇ ಪರ್ಯಾಯ ಶಿಕ್ಷಣ. ಹೆಸರು ಕೇಳಿದೊಡನೆ ಮಾನ ಹೋಯಿತೆಂದು ಮನೆ ಬದಲಿಸಲು ಹೊರಡುವ ನಮ್ಮವರಿದ್ದಾರೆ. ಅದು ಜೈಲಲ್ಲ, ಪುಟ್ಟ ಗುಂಪುಗಳಲ್ಲಿ ಪಾಠ ನಡೆಯುತ್ತದೆ, ಮರಳಿ ಶಾಲೆ ಸೇರುವ ಮಕ್ಕಳೂ ಇದ್ದಾರೆ. ಒಪ್ಪುವ ಮೊದಲು ಎಷ್ಟು ವಾರ, ಯಾವ ಪಾಠ, ಹಳೆಯ ಶಾಲೆಯಲ್ಲಿ ಹೆಸರು ಉಳಿಯುತ್ತದೆಯೇ ಎಂದು ಬರಹದಲ್ಲಿ ಕೇಳಿ. ಗಲಾಟೆಯ ಹಿಂದೆ ಕಲಿಕೆಯ ತೊಡಕಿದೆಯೇ ಎಂದು ಶಾಲೆಯ ವಿಶೇಷ ಅಗತ್ಯಗಳ ಸಂಯೋಜಕರನ್ನೂ ಕೇಳಿ. ಭಾಷೆ ಬಾರದೆ ಮೌನವಾಗಿರುವ ಮಗುವನ್ನು ಮೊಂಡು ಎಂದುಕೊಳ್ಳುವುದೂ ಉಂಟು.

ಕಾಯಿಲೆಯಿಂದ 15 ಶಾಲಾ ದಿನ ತಪ್ಪುವಂತಿದ್ದರೂ ಕೌನ್ಸಿಲ್ ಪಾಠದ ವ್ಯವಸ್ಥೆ ಮಾಡಬೇಕು. ಶಾಲೆಯವರೊಂದಿಗಿನ ಸಭೆಗೆ ಜೊತೆ ಬೇಕಾದರೆ ನಮ್ಮ ಸಂಘದವರು ಬರುತ್ತಾರೆ. ಹಿಂದಿನ ರಾತ್ರಿ ಅಲ್ಲ, ವಾರ ಮೊದಲೇ ಹೇಳಿ.