ರಿಕವರ್ ಆದ ಫೋಟೋಗಳು ಯಾವ ಫೋಲ್ಡರ್‌ನಲ್ಲಿ ಅಡಗಿ ಕೂತಿವೆ?

ರಿಕವರಿ ಸಾಫ್ಟ್‌ವೇರ್ ಗಂಟೆಗಟ್ಟಲೆ ಓಡಿತು, ಸಾವಿರಾರು ಫೋಟೋ ಸಿಕ್ಕಿವೆ ಅಂತ ತೋರಿಸಿತು, ನೀವು ಖುಷಿಯಲ್ಲಿ ಎಲ್ಲಿಗೆ ಅಂತಲೂ ನೋಡದೆ ಸೇವ್ ಒತ್ತಿ ಮುಚ್ಚಿಬಿಟ್ಟಿರಿ. ಈಗ ಪಿಕ್ಚರ್ಸ್ ತೆಗೆದರೆ ಖಾಲಿ. ಸೇವ್ ಪೂರ್ತಿ ಆಗಿದ್ದರೆ ಫೋಟೋ ಎಲ್ಲೂ ಹೋಗಿಲ್ಲ, ಹುಡುಕಬೇಕು ಅಷ್ಟೇ.

ಒಂದು ಮಾತು ಮೊದಲೇ ಹೇಳ್ತೀನಿ: ಗಾಬರಿಯಲ್ಲಿ ಇನ್ನೊಂದು ಸಲ ರಿಕವರಿ ಓಡಿಸಬೇಡಿ. ಫೋಟೋ ಅಳಿಸಿಹೋದ ಡ್ರೈವ್‌ಗೇ ಮತ್ತೆ ಬರೆದರೆ, ಇನ್ನೂ ಕೈಗೆ ಸಿಗದ ಫೋಟೋಗಳ ಜಾಗವೂ ತುಂಬಿಹೋಗಬಹುದು.

ಸುಲಭದ ದಾರಿ ಮೊದಲು. ಅದೇ ಸಾಫ್ಟ್‌ವೇರ್ ತೆರೆದು, ಎಲ್ಲಿ ಸೇವ್ ಮಾಡಬೇಕು ಅಂತ ಕೇಳುವ ಕಿಟಕಿವರೆಗೂ ಹೋಗಿ. ಎಷ್ಟೋ ಪ್ರೋಗ್ರಾಂಗಳು ಕಳೆದ ಸಲದ ಫೋಲ್ಡರನ್ನೇ ಅಲ್ಲಿ ತೋರಿಸುತ್ತವೆ. ನೋಡಿಕೊಂಡು ಕ್ಯಾನ್ಸಲ್ ಒತ್ತಿ.

ಫೋಟೋರೆಕ್ ಅನ್ನುವ ರಿಕವರಿ ಪ್ರೋಗ್ರಾಂ ಬಳಸಿದ್ದರೆ ಇನ್ನೂ ಸುಲಭ. ನೀವು ಬೇರೆ ಜಾಗ ಆರಿಸದಿದ್ದರೆ ಅದು ತನ್ನನ್ನು ಓಡಿಸಿದ ಫೋಲ್ಡರ್‌ನಲ್ಲೇ ಸುರಿಯುತ್ತದೆ, ಅಂದರೆ ಡೌನ್‌ಲೋಡ್ಸ್ ಒಳಗೆ ಜಿಪ್ ಬಿಚ್ಚಿದ ಜಾಗವೇ ಇರಬಹುದು. ಅಲ್ಲಿ ರೆಕಪ್ (recup) ಅಂತ ಶುರುವಾಗಿ ಕೊನೆಗೆ 1, 2, 3 ಇರುವ ಫೋಲ್ಡರ್‌ಗಳು ಸಾಲಾಗಿರುತ್ತವೆ. ಹಳೆಯ ಫೈಲ್ ಹೆಸರು ಹುಡುಕಿ ಪ್ರಯೋಜನವಿಲ್ಲ, ಹೆಚ್ಚಿನವಕ್ಕೆ ಎಫ್ ಅಕ್ಷರ, ಅದಾದ ಮೇಲೆ ಉದ್ದನೆಯ ಸಂಖ್ಯೆ ಅಂಟಿಸಿರುತ್ತದೆ. ಮೈಕ್ರೋಸಾಫ್ಟ್‌ನದೇ ಪ್ರೋಗ್ರಾಂ ಆದ ‘ವಿಂಡೋಸ್ ಫೈಲ್ ರಿಕವರಿ’ ಬಳಸಿದ್ದರೆ, ಅದು ನೀವು ಕೊಟ್ಟ ಡ್ರೈವ್‌ನಲ್ಲಿ ರಿಕವರಿ ಅನ್ನುವ ಪದ, ತಾರೀಕು, ಸಮಯ ಸೇರಿಸಿ ತಾನೇ ಫೋಲ್ಡರ್ ಮಾಡಿಕೊಳ್ಳುತ್ತದೆ.

ಇದ್ಯಾವುದೂ ಅಲ್ವಾ? ಹಾಗಾದರೆ ತಾರೀಕು ಹಿಡಿದು ಹುಡುಕಿ. ಜಾಸ್ತಿ ಜನ ಎಡವೋದು ಇಲ್ಲೇ. 2016ರಲ್ಲಿ ತೆಗೆದ ಫೋಟೋ ಇವತ್ತು ರಿಕವರ್ ಆದರೂ ಅದರ ‘ಮಾಡಿಫೈಡ್’ ತಾರೀಕು 2016 ಅಂತಲೇ ಇರಬಹುದು, ಹಾಗಾಗಿ ಇತ್ತೀಚಿನ ಫೈಲ್ ಅಂತ ಹುಡುಕಿದರೆ ಅದು ಕಣ್ಣಿಗೇ ಬೀಳಲ್ಲ. ‘ಕ್ರಿಯೇಟೆಡ್’ ತಾರೀಕು ಮಾತ್ರ ಸಾಮಾನ್ಯವಾಗಿ ಡಿಸ್ಕ್‌ಗೆ ಬರೆದ ದಿನದ್ದೇ ಇರುತ್ತದೆ. ವಿಂಡೋಸ್‌ನಲ್ಲಿ ಫೈಲ್ ಎಕ್ಸ್‌ಪ್ಲೋರರ್ ತೆರೆದು, ‘ದಿಸ್ ಪಿಸಿ’ ಮೇಲೆ ನಿಂತು, ಸರ್ಚ್ ಪಟ್ಟಿಯಲ್ಲಿ ಡೇಟ್‌ಕ್ರಿಯೇಟೆಡ್ ಅಂತ ಇಂಗ್ಲಿಷ್‌ನಲ್ಲಿ ಒಂದೇ ಪದವಾಗಿ ಟೈಪ್ ಮಾಡಿ, ಕೋಲನ್ ಹಾಕಿ, ಟುಡೇ ಅಂತ ಸೇರಿಸಿ. ಸ್ಪೇಸ್ ಬಿಟ್ಟು ಕೈಂಡ್, ಕೋಲನ್, ಪಿಕ್ಚರ್. ನಿನ್ನೆ ಮಾಡಿದ್ದರೆ ಟುಡೇ ಬದಲು ಯೆಸ್ಟರ್‌ಡೇ. ನಿಧಾನ ಆಗುತ್ತದೆ, ಹಸಿರು ಪಟ್ಟಿ ಕೊನೆ ಮುಟ್ಟುವವರೆಗೂ ಕಾಯಿರಿ. ಬ್ರೌಸರ್‌ನ ಪುಟಾಣಿ ಚಿತ್ರಗಳೂ ಸುಮ್ನೆ ಬಂದು ಸೇರಿಕೊಳ್ಳುತ್ತವೆ, ಸೈಜ್ ಪ್ರಕಾರ ಜೋಡಿಸಿದರೆ ಕ್ಯಾಮೆರಾ ಫೋಟೋ ಮೇಲೆ ಬರುತ್ತವೆ. ನಿಮ್ಮದೊಂದು ಕಂಡಿತಾ, ರೈಟ್ ಕ್ಲಿಕ್ ಮಾಡಿ ‘ಓಪನ್ ಫೈಲ್ ಲೊಕೇಶನ್’ ಒತ್ತಿ. ಉಳಿದವೂ ಅಲ್ಲೇ ಅಕ್ಕಪಕ್ಕದಲ್ಲಿರುತ್ತವೆ.

ಮ್ಯಾಕ್‌ನಲ್ಲಿ ಫೈಂಡರ್ ತೆರೆದು ಕಮಾಂಡ್ ಮತ್ತು ಎಫ್ ಒತ್ತಿ, ಕೈಂಡ್ ಇಮೇಜ್ ಮಾಡಿ, ಪ್ಲಸ್ ಗುರುತಿನಿಂದ ಕ್ರಿಯೇಟೆಡ್ ಡೇಟ್ ಸೇರಿಸಿ.

ವಿಂಡೋಸ್‌ನಲ್ಲಿ ಆಗಲೂ ಸಿಗದಿದ್ದರೆ ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ ಹಿಡನ್ ಐಟಮ್ಸ್ ಆನ್ ಮಾಡಿ ಮತ್ತೆ ಹುಡುಕಿ. ಹಳೆಯ ಪ್ರೋಗ್ರಾಂ ಒಂದು ‘ಪ್ರೋಗ್ರಾಂ ಫೈಲ್ಸ್’ ಫೋಲ್ಡರ್ ಒಳಗೆ ಬರೆಯಲು ಹೋದಾಗ ಅನುಮತಿ ಇಲ್ಲದಿದ್ದರೆ, ವಿಂಡೋಸ್ ಅದನ್ನು ಗುಟ್ಟಾಗಿ ನಿಮ್ಮ ಯೂಸರ್ ಫೋಲ್ಡರ್‌ನ ಆಪ್‌ಡೇಟಾ, ಅದರೊಳಗಿನ ಲೋಕಲ್, ಅದರೊಳಗಿನ ವರ್ಚುವಲ್‌ಸ್ಟೋರ್ ಫೋಲ್ಡರ್‌ಗೆ ತಳ್ಳಿರಬಹುದು. ಅಲ್ಲಿ ಯಾರು ತಾನೇ ಇಣುಕಿ ನೋಡ್ತಾರೆ!

ಸಿಕ್ಕ ಮೇಲೆ ನಾಲ್ಕಾರು ಫೋಟೋ ತೆರೆದು ನೋಡಿ, ಅರ್ಧ ಬೂದು ಬಣ್ಣಕ್ಕೆ ತಿರುಗಿದ್ದರೆ ಅದು ಪೂರ್ತಿ ರಿಕವರ್ ಆಗಿಲ್ಲ. ಸರಿ ಇರುವುದನ್ನೆಲ್ಲ ಆಗಲೇ ಬೇರೆ ಡ್ರೈವ್‌ಗೆ ಕಾಪಿ ಮಾಡಿ, ನಿಮಗೆ ನೆನಪಿರುವ ಹೆಸರಿನ ಫೋಲ್ಡರ್‌ನಲ್ಲಿ.