ಮುಲಾಮಿಗಿಂತ ಮೊದಲು ನೆಲ: ನಮ್ಮ ಮೊಲದ ಹಿಮ್ಮಡಿ ಹುಣ್ಣು ವಾಸಿಯಾದ ಬಗೆ

ಗುಂಡನ ಹಿಂಗಾಲಿನ ಅಡಿಭಾಗವನ್ನು ನಾನು ಮೊದಲ ಸಲ ಸರಿಯಾಗಿ ನೋಡಿದ್ದು ಅವನಿಗೆ ಮೂರು ವರ್ಷ ತುಂಬಿದ ಮೇಲೆ. ಹೇಳಿಕೊಳ್ಳೋಕೆ ನಾಚಿಕೆ ಆಗುತ್ತದೆ. ಕಿವಿ ನೋಡುತ್ತಿದ್ದೆ, ಹಲ್ಲು ನೋಡುತ್ತಿದ್ದೆ, ಹಿಕ್ಕೆ ಎಷ್ಟು ಹಾಕಿದ್ದಾನೆ, ಯಾವ ಸೈಜಿನಲ್ಲಿದೆ ಅಂತ ದಿನಾ ಬಗ್ಗಿ ಬಗ್ಗಿ ನೋಡುತ್ತಿದ್ದೆ. ಪಾದ ಮಾತ್ರ ನೆನಪೇ ಆಗಿರಲಿಲ್ಲ.

ಸೂಚನೆ ಇರಲಿಲ್ಲ ಅಂತಲ್ಲ. ಸೊಪ್ಪಿನ ತಟ್ಟೆ ಹಿಡಿದು ಬಂದರೆ ಎರಡು ಕಾಲ ಮೇಲೆ ಎದ್ದು ನಿಲ್ಲುತ್ತಿದ್ದವನು ನಿಲ್ಲೋದು ಬಿಟ್ಟ. ದಪ್ಪ ಆಗಿದ್ದಾನೆ, ಸೋಮಾರಿ ಆಗಿದ್ದಾನೆ ಅಂದುಕೊಂಡೆ. ಆಮೇಲೆ ಕೂತಲ್ಲೇ ಒಂದು ಪಾದ ಸ್ವಲ್ಪ ಎತ್ತುವುದು, ಅದನ್ನು ಇಟ್ಟು ಇನ್ನೊಂದನ್ನು ಎತ್ತುವುದು ಶುರುವಾಯಿತು, ಬಿಸಿಲಿಗೆ ಕಾದ ನೆಲದ ಮೇಲೆ ಬರಿಗಾಲಲ್ಲಿ ನಿಂತವರ ಹಾಗೆ. ಅದನ್ನೂ ನೋಡಿ ನಕ್ಕಿದ್ದೆ. ಇನ್ನೊಂದು, ಸಿಟ್ಟು ಬಂದಾಗ ಹಿಂಗಾಲನ್ನು ಕೊಡವಿಕೊಂಡು ಓಡಿಹೋಗುವ ಅಭ್ಯಾಸ ಅವನಿಗೆ. ಮೊಲ ಸಾಕಿದವರಿಗೆ ಗೊತ್ತಿರುತ್ತದೆ, 'ನಿನ್ನ ಸಹವಾಸ ಸಾಕು' ಅನ್ನೋ ಥರ. ಅದೂ ನಿಂತುಹೋಗಿತ್ತು. ನಿಂತಿದೆ ಅನ್ನೋದು ನನಗೆ ಹೊಳೆದದ್ದು ಎಲ್ಲ ಗೊತ್ತಾದ ಮೇಲೆ.

ಒಂದು ದಿನ ಉಗುರು ಕತ್ತರಿಸಲು ಕೂತಾಗ ಕಂಡಿತು. ಎಡಗಾಲಿನ ಹಿಮ್ಮಡಿಯಲ್ಲಿ ಅಂಗಿ ಗುಂಡಿಯಷ್ಟು ಜಾಗದಲ್ಲಿ ಕೂದಲೇ ಇಲ್ಲ, ಚರ್ಮ ಕೆಂಪಾಗಿ ಹೊಳೆಯುತ್ತಿದೆ, ನಡುವೆ ಸಣ್ಣ ಬಿರುಕು. ಬಲಗಾಲು ಇನ್ನೂ ಕೆಟ್ಟದಾಗಿತ್ತು: ದಪ್ಪ ಹಕ್ಕಳೆ ಕಟ್ಟಿ ಅದರ ಅಂಚಿನಲ್ಲಿ ಒದ್ದೆ. ಮುಟ್ಟಿದರೆ ಬಿಸಿ. ಹಲ್ಲು ಕರಕರ ಅಂತ ಜೋರಾಗಿ ಕಡಿದ. ಮೊಲ ಖುಷಿಯಲ್ಲಿರುವಾಗಲೂ ಹಲ್ಲು ಮಸೆಯುತ್ತದೆ, ಆದರೆ ಅದು ಮೆಲ್ಲಗೆ, ತಲೆ ಸವರುವಾಗ ಬರುವ ಸದ್ದು. ಇದು ನೋವಿನದು. ಒಮ್ಮೆ ಕೇಳಿದರೆ ಎರಡೂ ಬೇರೆ ಅಂತ ಗೊತ್ತಾಗಿಬಿಡುತ್ತದೆ.

ನಾನು ಮೊದಲು ಮಾಡಿದ್ದು ಪೂರ್ತಿ ತಪ್ಪು. ಮನೆಯಲ್ಲಿದ್ದ ಮುಲಾಮು ಹಚ್ಚಿ ಬಿಟ್ಟೆ. ಐದು ನಿಮಿಷದಲ್ಲಿ ಅರ್ಧ ನೆಕ್ಕಿಕೊಂಡ, ಉಳಿದರ್ಧಕ್ಕೆ ನೆಲದ ಧೂಳು, ಕೂದಲು ಎಲ್ಲ ಅಂಟಿ ಹುಣ್ಣು ಮೊದಲಿಗಿಂತ ಕೊಳಕಾಯಿತು. ಮನುಷ್ಯರ ಮುಲಾಮು ಹಾಕಲೇಬಾರದು. ಕೆಲವದರಲ್ಲಿ ಮರಗಟ್ಟಿಸುವ ಔಷಧಿ ಇರುತ್ತದೆ, ಕೆಲವದರಲ್ಲಿ ಸ್ಟೀರಾಯ್ಡ್ ಇರುತ್ತದೆ, ಮೊಲಕ್ಕೆ ಎರಡೂ ಒಳ್ಳೆಯದಲ್ಲ. ಹಚ್ಚಿದ್ದೆಲ್ಲ ಹೊಟ್ಟೆಗೆ ಹೋಗುತ್ತದೆ ಅಂತಲೇ ಲೆಕ್ಕ ಹಾಕಬೇಕು.

ಮೊದಲು ಹೋದ ಡಾಕ್ಟರ್ ಪಾದ ತಿರುಗಿಸಿ ನೋಡಿ ಒಂದು ಪುಡಿ ಕೊಟ್ಟು ಕಳಿಸಿದರು. ಎಲ್ಲಿ ಇಟ್ಟಿದ್ದೀರಿ, ಕೆಳಗೆ ಏನು ಹಾಸಿದ್ದೀರಿ ಅಂತ ಒಂದು ಮಾತು ಕೇಳಲಿಲ್ಲ. ಹತ್ತು ದಿನ ಆದರೂ ಏನೂ ಕಡಿಮೆಯಾಗಲಿಲ್ಲ. ಎರಡನೆಯವರು ಮೊಲಗಳನ್ನು ಜಾಸ್ತಿ ನೋಡುವವರು. ಅವರು ಪಾದ ಮುಟ್ಟುವ ಮೊದಲೇ ಕೇಳಿದ್ದು ನೆಲದ ಬಗ್ಗೆ, ಆಮೇಲೆ ತೂಕ, ಆಮೇಲೆ ಉಗುರು. ಅವತ್ತು ಅವರು ಹೇಳಿದ ಒಂದು ಹೋಲಿಕೆ ನನಗೆ ಕಣ್ಣು ತೆರೆಸಿತು. ಹಾಸಿಗೆ ಹಿಡಿದವರಿಗೆ ಬೆನ್ನಲ್ಲಿ ಹುಣ್ಣಾಗುತ್ತದಲ್ಲ, ಇದೂ ಅದೇ ಜಾತಿ. ಮೂಳೆಗೂ ಗಟ್ಟಿ ನೆಲಕ್ಕೂ ನಡುವೆ ಚರ್ಮ ಸಿಕ್ಕಿಕೊಂಡು ರಕ್ತ ಓಡುವುದು ಕಡಿಮೆಯಾಗುತ್ತದೆ, ಚರ್ಮ ಸಾಯುತ್ತದೆ, ಬಿರುಕು ಬಿಡುತ್ತದೆ, ಅಲ್ಲಿಂದ ಸೋಂಕು ಒಳಗೆ ಹೋಗುತ್ತದೆ.

ನಾಯಿ ಬೆಕ್ಕಿನ ಪಾದದಲ್ಲಿ ಮೆತ್ತೆ ಇರುತ್ತದೆ. ಮೊಲಕ್ಕೆ ಅದು ಇಲ್ಲ. ಅದಕ್ಕಿರುವುದು ದಟ್ಟ ಕೂದಲು ಮಾತ್ರ, ಅದರಡಿ ತೆಳು ಚರ್ಮ. ಮಣ್ಣು ಹುಲ್ಲಿನ ಮೇಲೆ ಓಡಾಡುವಾಗ ಇದು ಸಾಕು, ಯಾಕೆಂದರೆ ಉಗುರು ಮಣ್ಣಿನೊಳಗೆ ಇಳಿಯುತ್ತದೆ, ಭಾರ ಇಡೀ ಪಾದಕ್ಕೆ ಹಂಚಿಕೆಯಾಗುತ್ತದೆ. ನಮ್ಮ ಟೈಲ್ಸ್ ನೆಲದಲ್ಲಿ ಉಗುರು ಎಲ್ಲಿಗೆ ಇಳಿಯಬೇಕು? ಉಗುರು ಬೆಳೆದಷ್ಟೂ ಬೆರಳನ್ನು ಮೇಲಕ್ಕೆ ತಳ್ಳುತ್ತದೆ, ಭಾರವೆಲ್ಲ ಹಿಂದಕ್ಕೆ, ಹಿಮ್ಮಡಿಯ ಒಂದೇ ಬಿಂದುವಿನ ಮೇಲೆ.

ಗುಂಡನ ವಿಷಯದಲ್ಲಿ ಎಲ್ಲವೂ ಒಟ್ಟಿಗೆ ಸೇರಿತ್ತು. ಅವನು ರೆಕ್ಸ್ ತಳಿಯ ಮಿಶ್ರ, ಮಖಮಲ್ಲಿನಂಥ ಕೂದಲು. ಮುದ್ದಾಗಿರುತ್ತದೆ ನಿಜ, ಆದರೆ ರೆಕ್ಸ್ ಮೊಲಗಳಲ್ಲಿ ಮೇಲಿನ ಗಡಸು ಕೂದಲು ತುಂಬಾ ಗಿಡ್ಡ, ಪಾದಕ್ಕೆ ಸಿಗುವ ರಕ್ಷಣೆಯೂ ಕಡಿಮೆ. ತೂಕ 2.8 ಕಿಲೋ, ಅವನ ಮೈಕಟ್ಟಿಗೆ ಜಾಸ್ತಿ. ರಾತ್ರಿ ಮಲಗುವ ಪಂಜರಕ್ಕೆ ತಂತಿ ತಳ, ಹಗಲು ಓಡಾಡಲು ಟೈಲ್ಸ್. ಉಗುರು ಕತ್ತರಿಸಿ ಎರಡು ತಿಂಗಳ ಮೇಲಾಗಿತ್ತು. ಜೊತೆಗಿರುವ ಇನ್ನೊಂದು ಮೊಲ ಚುಕ್ಕಿಗೂ ಅದೇ ನೆಲ, ಅದೇ ಪಂಜರ, ಅವಳಿಗೆ ಏನೂ ಆಗಿರಲಿಲ್ಲ. ಅದನ್ನೇ ನೋಡಿ ನೆಲದ ತಪ್ಪಲ್ಲ ಅಂತ ನಾನು ಡಾಕ್ಟರ ಹತ್ತಿರ ವಾದ ಮಾಡಿದ್ದೆ. ಅವಳು ತೆಳ್ಳಗೆ, ಒಂದು ಕಡೆ ಹತ್ತು ನಿಮಿಷ ಕೂರುವವಳಲ್ಲ, ಪಾದದಲ್ಲಿ ಒಳ್ಳೆ ಕೂದಲಿದೆ. ಅದೇ ನೆಲವನ್ನು ಅವಳ ಕಾಲು ತಡೆದುಕೊಂಡಿತ್ತು, ಅಷ್ಟೇ.

ಎಕ್ಸ್‌ರೇ ತೆಗೆದರು. ಮೂಳೆಗೆ ಸೋಂಕು ಇಳಿದಿರಲಿಲ್ಲ, ಅದೇ ದೊಡ್ಡ ಪುಣ್ಯ. ಬಲಗಾಲಿನ ಒದ್ದೆ ಜಾಗದಿಂದ ಹತ್ತಿಯಲ್ಲಿ ತೆಗೆದು ಪರೀಕ್ಷೆಗೆ ಕಳಿಸಿ, ಬಂದ ಉತ್ತರ ನೋಡಿ ಆಂಟಿಬಯೋಟಿಕ್ ಕೊಟ್ಟರು. ನೋವಿಗೆ ಮೆಲಾಕ್ಸಿಕ್ಯಾಮ್, ತೂಕ ನೋಡಿ ಅವರೇ ಹೇಳಿದ ಅಳತೆಯಲ್ಲಿ. ಇಲ್ಲಿ ಒಂದು ಮಾತು ಹೇಳಲೇಬೇಕು. ಮನೆಯಲ್ಲಿ ಉಳಿದ ಆಂಟಿಬಯೋಟಿಕ್ ಇದೆ ಅಂತ ಸ್ವಲ್ಪ ಕುಡಿಸಿ ನೋಡೋಣ ಅನ್ನೋ ಯೋಚನೆ ಬಂದರೆ ಅಲ್ಲಿಗೇ ಬಿಟ್ಟುಬಿಡಿ. ಅಮಾಕ್ಸಿಸಿಲಿನ್ ಥರದ ಪೆನಿಸಿಲಿನ್ ಜಾತಿಯ ಔಷಧಿ ಬಾಯಿಂದ ಹೋದರೆ ಮೊಲದ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಹಾಳಾಗಿ ಜೀವಕ್ಕೇ ಕುತ್ತು.

ಹಕ್ಕಳೆ ಕಿತ್ತು ಒಳಗೆ ಕ್ಲೀನ್ ಮಾಡಲ್ವಾ ಅಂತ ಕೇಳಿದೆ. ಬೇಡ ಅಂದರು. ಹಿಮ್ಮಡಿಯಲ್ಲಿ ಮಾಂಸವೇ ಇಲ್ಲ, ಚರ್ಮದ ಕೆಳಗೆ ನೇರವಾಗಿ ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು, ಅದರ ಕೆಳಗೆ ಮೂಳೆ. ಹಕ್ಕಳೆ ಕಿತ್ತರೆ ಮುಚ್ಚಿಕೊಳ್ಳಲು ಅಲ್ಲಿ ಏನೂ ಉಳಿಯುವುದಿಲ್ಲ. ನಮಗೋ ಹಕ್ಕಳೆ ಕಂಡರೆ ಕೈ ಸುಮ್ನೆ ಇರೋದಿಲ್ಲ. ಕೈ ಕಟ್ಟಿಕೊಂಡೇ ಕೂತೆ.

ಮನೆಯಲ್ಲಿ ದಿನಕ್ಕೆ ಒಮ್ಮೆ ತೊಳೆಯುತ್ತಿದ್ದೆ. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು, ಉಗುರು ಬೆಚ್ಚಗೆ, ಬಟ್ಟೆ ಅದ್ದಿ ಮೆಲ್ಲಗೆ ಒತ್ತಿ ತೆಗೆಯೋದು, ಉಜ್ಜೋದಲ್ಲ. ಪಾದವನ್ನು ನೀರಲ್ಲಿ ಮುಳುಗಿಸಿ ನೆನೆಹಾಕಲಿಲ್ಲ, ನೆನೆದ ಚರ್ಮ ಇನ್ನೂ ಬೇಗ ಕಿತ್ತುಹೋಗುತ್ತದೆ. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಯಾವುದೂ ಇಲ್ಲ. ಒಣಗಿಸೋದಕ್ಕೆ ತೊಳೆಯೋದಕ್ಕಿಂತ ಜಾಸ್ತಿ ಹೊತ್ತು ಕೊಡುತ್ತಿದ್ದೆ. ಸುತ್ತಲಿನ ಕೂದಲು ಅಂಟಿಕೊಂಡು ಅಡ್ಡ ಬರುತ್ತಿತ್ತು, ಕತ್ತರಿಸೋಣ ಅನಿಸುತ್ತಿತ್ತು, ಕತ್ತರಿಸಲಿಲ್ಲ. ಉಳಿದಿರುವ ಮೆತ್ತೆ ಅದೊಂದೇ ಅಲ್ವಾ.

ಬ್ಯಾಂಡೇಜ್ ಕಥೆ ಬೇರೆಯೇ ಇದೆ. ನಾನೇ ಕಟ್ಟಿದ ಮೊದಲನೆಯದು ಒಂದೇ ರಾತ್ರಿಯಲ್ಲಿ ಕಿತ್ತು ಪಂಜರದ ಮೂಲೆಯಲ್ಲಿತ್ತು. ಎರಡನೆಯದನ್ನು ಬಿಗಿಯಾಗಿ ಕಟ್ಟಿದೆ, ಬೆಳಗ್ಗೆ ನೋಡಿದರೆ ಬೆರಳು ಊದಿತ್ತು, ಎದೆ ಧಸಕ್ಕೆಂದಿತು. ಆಮೇಲೆ ಡಾಕ್ಟರೇ ತೋರಿಸಿಕೊಟ್ಟರು: ಹುಣ್ಣಿಗೆ ಅಂಟದ ಪಟ್ಟಿ, ಅದರ ಮೇಲೆ ನಡುವೆ ತೂತಿರುವ ಬಳೆಯಂಥ ಮೆತ್ತೆ, ಭಾರ ಹುಣ್ಣಿನ ಮೇಲೆ ಬೀಳದೆ ಸುತ್ತ ಬೀಳಲಿ ಅಂತ, ಅದರ ಮೇಲೆ ತನಗೆ ತಾನೇ ಅಂಟುವ ಪಟ್ಟಿ. ಬಲಗಾಲಿಗೆ ಮಾತ್ರ ಮೂರು ವಾರ ಕಟ್ಟಿದೆ. ಮೂತ್ರದಲ್ಲಿ ಒದ್ದೆಯಾದರೆ ತಕ್ಷಣ ಬದಲಾಯಿಸಬೇಕು. ಒದ್ದೆ ಬ್ಯಾಂಡೇಜಿಗಿಂತ ಬ್ಯಾಂಡೇಜ್ ಇಲ್ಲದಿರೋದೇ ವಾಸಿ.

ಹಿಡಿಯುವುದನ್ನೂ ಕಲಿಯಬೇಕಾಯಿತು. ಅಂಗಾತ ಮಲಗಿಸಿದರೆ ಮೊಲ ಅಲ್ಲಾಡದೆ ಬಿದ್ದುಕೊಳ್ಳುತ್ತದೆ, ಶಾಂತವಾಗಿದೆ ಅಂದುಕೊಳ್ಳುತ್ತೇವೆ. ಅದು ಹೆದರಿಕೆಯಿಂದ ಮರಗಟ್ಟುವುದು. ಅದರ ನಡುವೆ ಒಮ್ಮೆ ಜೋರಾಗಿ ಒದ್ದರೆ ಬೆನ್ನುಮೂಳೆಗೇ ಪೆಟ್ಟಾಗಬಹುದು. ನಾನು ನೆಲದ ಮೇಲೆ ಕೂತು, ಅವನ ಬೆನ್ನು ನನ್ನ ಹೊಟ್ಟೆಗೆ ಒರಗುವ ಹಾಗೆ ಕೂರಿಸಿ, ಒಂದು ಕೈ ಎದೆಗೆ, ಹಿಂಭಾಗ ತೊಡೆಯ ಮೇಲೆ ಭದ್ರವಾಗಿ. ಪಾದ ನೋಡುವುದು, ತೊಳೆಯುವುದು ಇನ್ನೊಬ್ಬರ ಕೆಲಸ. ಸುಮ್ನೆ ನೋಡಿದರೆ ಸಾಕು ಅನ್ನೋ ದಿನ ಪಾರದರ್ಶಕ ಪ್ಲಾಸ್ಟಿಕ್ ಡಬ್ಬದಲ್ಲಿ ಒಂದು ನಿಮಿಷ ಕೂರಿಸಿ, ಇಬ್ಬರು ಎತ್ತಿ ಹಿಡಿದು, ಕೆಳಗಿನಿಂದ ಫೋನಿನಲ್ಲಿ ಫೋಟೋ. ಪ್ರತಿ ಭಾನುವಾರದ ಫೋಟೋ ಪಕ್ಕಪಕ್ಕ ಇಟ್ಟು ನೋಡಿದಾಗಲೇ ಇಳಿಯುತ್ತಿದೆಯೋ ಏರುತ್ತಿದೆಯೋ ಗೊತ್ತಾಗೋದು. ದಿನಾ ನೋಡುವ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ.

ಆದರೆ ಇಷ್ಟೆಲ್ಲ ಮಾಡಿಯೂ ನನ್ನ ಲೆಕ್ಕದಲ್ಲಿ ವಾಸಿ ಮಾಡಿದ್ದು ನೆಲ. ತಂತಿ ತಳ ಅವತ್ತೇ ತೆಗೆದೆ. ಮೊದಲು ಫೋಮ್ ಮ್ಯಾಟ್ ಹಾಕಿದೆ, ಎರಡೇ ದಿನದಲ್ಲಿ ಮೂಲೆ ತಿಂದುಬಿಟ್ಟ, ಹೊಟ್ಟೆಯಲ್ಲಿ ಸಿಕ್ಕಿಕೊಂಡರೆ ಅದು ಬೇರೆ ಗಂಡಾಂತರ, ತೆಗೆದು ಎಸೆದೆ. ಈಗ ಕೆಳಗೆ ಮಡಚಿದ ದಪ್ಪ ಹತ್ತಿ ಹೊದಿಕೆ, ಮೇಲೆ ಫ್ಲೀಸ್ ಬಟ್ಟೆ. ಮೂತ್ರ ಕೆಳಗಿಳಿದು ಮೇಲ್ಭಾಗ ಸಾಕಷ್ಟು ಒಣಗಿರುತ್ತದೆ. ಎರಡು ಸೆಟ್ ಇದೆ, ಒಂದು ಹಾಸಿದ್ದರೆ ಒಂದು ಒಗೆಯೋಕೆ. ಒರಟು ಸಿಂಥೆಟಿಕ್ ಕಾರ್ಪೆಟ್ ಬೇಡ, ಮೆತ್ತಗಿದೆ ಅನಿಸಿದರೂ ಓಡಿ ಜಾರಿದಾಗ ಕೂದಲನ್ನು ಉಜ್ಜಿ ಕಿತ್ತುಹಾಕುತ್ತದೆ. ನಾನು ಮರೆತೇಬಿಟ್ಟಿದ್ದ ಜಾಗ ಮೂತ್ರದ ಟ್ರೇ. ಇಡೀ ಮನೆಗೆ ಮೆತ್ತೆ ಹಾಸಿ, ಅವನು ದಿನದ ಅರ್ಧ ಹೊತ್ತು ಕೂರುವ ಟ್ರೇಯಲ್ಲಿ ಮೂತ್ರ ಹೀರಲು ಹಾಕುವ ಗಟ್ಟಿ ಮರದ ಗುಳಿಗೆ, ಅದೂ ಒದ್ದೆ! ಈಗ ಅದರ ಮೇಲೆ ಒಂದು ಗೇಣು ಒಣಹುಲ್ಲು, ದಿನಾ ಹೊಸದು.

ತೂಕ ಇಳಿಸೋದು ನಿಧಾನದ ಕೆಲಸ. ಮೊಲವನ್ನು ಉಪವಾಸ ಕೆಡವಬಾರದು, ಕರುಳು ನಿಂತುಹೋಗುತ್ತದೆ. ಬಟ್ಟಲು ತುಂಬ ಸುರಿಯುತ್ತಿದ್ದ ಪೆಲೆಟ್ಟನ್ನು (ಗುಳಿಗೆಯಂಥ ಒಣ ಆಹಾರ) ಕೆಲವು ವಾರಗಳಲ್ಲಿ ಸ್ವಲ್ಪ ಸ್ವಲ್ಪವೇ ಇಳಿಸಿ, ತೂಕದ ಕಿಲೋಗೆ ದಿನಕ್ಕೆ 25 ಗ್ರಾಮಿನಷ್ಟಕ್ಕೆ ತಂದೆ. ಒಣಹುಲ್ಲು ಎಷ್ಟು ಬೇಕಾದರೂ. ನಾಲ್ಕು ತಿಂಗಳಲ್ಲಿ 2.4 ಕಿಲೋಗೆ ಬಂದ. ಉಗುರು ಈಗ ನಾಲ್ಕು ವಾರಕ್ಕೊಮ್ಮೆ. ಕಪ್ಪು ಉಗುರಿಗೆ ಹಿಂದಿನಿಂದ ಟಾರ್ಚ್ ಹಿಡಿದರೆ ಒಳಗಿನ ರಕ್ತನಾಳ ಕಾಣುತ್ತದೆ, ಅದರ ಮುಂದೆ ಮಾತ್ರ ಕತ್ತರಿ.

ಎಡಗಾಲಿನ ಬಿರುಕು ಎರಡು ವಾರದಲ್ಲಿ ಮುಚ್ಚಿತು. ಬಲಗಾಲಿನ ಹಕ್ಕಳೆ ಆರನೇ ವಾರ ತಾನೇ ಉದುರಿತು, ಕೆಳಗೆ ತೆಳು ಗುಲಾಬಿ ಚರ್ಮ. ಒಂಬತ್ತನೇ ವಾರ ನಾಲ್ಕು ದಿನ ಊರಲ್ಲಿ ಇರಲಿಲ್ಲ. ನೋಡಿಕೊಂಡವರು ಪ್ರೀತಿಯಿಂದಲೇ, ಸ್ವಚ್ಛವಾಗಿರಲಿ ಅಂತ, ಹಾಸಿದ್ದೆಲ್ಲ ತೆಗೆದು ಹಳೇ ತಂತಿ ತಳದ ಪಂಜರದಲ್ಲಿ ಇಟ್ಟಿದ್ದರು. ವಾಪಸ್ ಬಂದಾಗ ಎರಡೂ ಹಿಮ್ಮಡಿ ಮತ್ತೆ ಕೆಂಪು. ಬರೀ ನಾಲ್ಕು ದಿನ. ಅವರ ಮೇಲೆ ಸಿಟ್ಟು ಮಾಡಿಕೊಳ್ಳೋಕೂ ಆಗಲಿಲ್ಲ, ನಾನೂ ಮೂರು ವರ್ಷ ಅದನ್ನೇ ಮಾಡಿದ್ದೆನಲ್ಲ. ಆ ತಂತಿ ತಳವನ್ನು ಅವತ್ತು ಮುರಿದು ಹಾಕಿದೆ.

ಕೂದಲು ಸರಿಸಿದಾಗ ಹಿಮ್ಮಡಿಯಲ್ಲಿ ಸಣ್ಣ ಬೋಳು ಜಾಗ ಕಂಡ ಕೂಡಲೇ ಗಾಬರಿ ಬೀಳಬೇಕಾಗಿಲ್ಲ. ಒಣಗಿ, ನಯವಾಗಿ, ತಿಳಿ ಬಣ್ಣದಲ್ಲಿದ್ದು, ಸುತ್ತಲಿನ ಕೂದಲು ಅದನ್ನು ಮುಚ್ಚುತ್ತಿದ್ದರೆ ಅದು ಜಡ್ಡು, ಎಷ್ಟೋ ಮೊಲಗಳಿಗೆ ಇರುತ್ತದೆ. ಕೆಂಪಾದರೆ, ದೊಡ್ಡದಾಗುತ್ತಿದ್ದರೆ ಅವತ್ತೇ ನೆಲ ಬದಲಾಯಿಸಿ, ಡಾಕ್ಟರಿಗೂ ತೋರಿಸಿ. ಊತ, ಕೀವು, ವಾಸನೆ, ಕಾಲು ಊರದೇ ಇರುವುದು, ಹುಣ್ಣಿನ ಸುತ್ತ ನೊಣ, ಇವು ಕಂಡರೆ ನಾಳೆ ಅನ್ನಬೇಡಿ. ನೋವಿಗೆ ಊಟ ಬಿಟ್ಟರೆ ಅದು ಎಲ್ಲಕ್ಕಿಂತ ಅರ್ಜೆಂಟ್, ಹತ್ತು ಹನ್ನೆರಡು ಗಂಟೆ ಏನೂ ತಿನ್ನದ ಮೊಲ ರಾತ್ರಿಯಾದರೂ ಡಾಕ್ಟರ ಹತ್ತಿರ ಇರಬೇಕು.

ಗುಂಡನ ಬಲ ಹಿಮ್ಮಡಿಯ ನಡುವೆ ಈಗಲೂ ಬಟಾಣಿಯಷ್ಟು ಜಾಗದಲ್ಲಿ ಕೂದಲು ಬಂದಿಲ್ಲ. ಬರುವ ಲಕ್ಷಣವೂ ಇಲ್ಲ. ಭಾನುವಾರ ಡಬ್ಬ ತಂದರೆ ಸಾಕು, ಸೋಫಾ ಕೆಳಗೆ ಸೇರುತ್ತಾನೆ. ಹೇಗೋ ಹಿಡಿದು ಫೋಟೋ ತೆಗೆದು ಕೆಳಗೆ ಬಿಟ್ಟರೆ, ನನ್ನ ಕಡೆ ಬೆನ್ನು ಮಾಡಿ, ಎರಡೂ ಹಿಂಗಾಲು ಒಂದೊಂದಾಗಿ ಕೊಡವಿಕೊಂಡು ಹೋಗುತ್ತಾನೆ.