ಕರಾವಳಿಯ ಸೆಖೆಯಲ್ಲಿ ಹಾಪ್ಸ್ ಕಾಪಾಡಿಕೊಂಡ ಬಗೆ: ನನ್ನ ಅನುಭವ

ಬಿಯರಿಗೆ ಕಹಿಯನ್ನೂ ಕಂಪನ್ನೂ ಕೊಡುವ ಹೂವಾದ ಹಾಪ್ಸ್‌ನ ಪರಿಮಳವನ್ನು ಉಳಿಸಿಕೊಳ್ಳಬೇಕಾದರೆ ಕರಾವಳಿಯವರಾದ ನಾವು ಮೊದಲು ಬದಿಗಿಡಬೇಕಾದದ್ದು ನಮ್ಮ ಮನೆಗಳ ರೂಢಿಯನ್ನೇ. ಹಪ್ಪಳವಿರಲಿ, ಕರಿಮೆಣಸಿರಲಿ, ಹುಣಸೆಯಿರಲಿ, ಮೇ ತಿಂಗಳ ಬಿಸಿಲಿಗೆ ಹರವಿ, ಚೆನ್ನಾಗಿ ಒಣಗಿಸಿ, ಡಬ್ಬಿಗೆ ತುಂಬಿ ಮುಚ್ಚಳ ಬಿಗಿದರೆ ಆಟಿಯ ಮಳೆಯನ್ನು ದಾಟಿಸಬಹುದೆಂಬುದು ಮಂಗಳೂರಿನ ಯಾವ ಅಡಿಗೆಮನೆಯಲ್ಲಾದರೂ ಇರುವ ತಿಳಿವಳಿಕೆ. ಅಲ್ಲಿ ಶತ್ರು ತೇವ. ಹಾಪ್ಸ್‌ಗಾದರೋ ಮೊದಲ ಶತ್ರು ಗಾಳಿಯಲ್ಲಿರುವ ಆಮ್ಲಜನಕ, ಅದರ ಬೆನ್ನಿಗೆ ನಿಲ್ಲುವುದು ಸೆಖೆ. ಕೊಯ್ಲಿನಲ್ಲಿ ಶೇಕಡಾ 75ರಿಂದ 80ರಷ್ಟು ನೀರಿರುವ ಹೂಗಳನ್ನು ಬೆಳೆದ ಊರಿನಲ್ಲೇ ಒಣಗಿಸಿ ಶೇಕಡಾ 8ರಿಂದ 10ಕ್ಕೆ ಇಳಿಸಿರುತ್ತಾರೆ. ನಮ್ಮ ಕೈಗೆ ಬರುವ, ಒಣಹೂವನ್ನು ಪುಡಿಮಾಡಿ ಗುಳಿಗೆಯಂತೆ ಒತ್ತಿದ ಪೆಲೆಟ್‌ಗೆ ಮತ್ತೊಮ್ಮೆ ಬಿಸಿಲು ತೋರಿಸಿದರೆ ಇರುವ ಎಣ್ಣೆಯೂ ಹಾರಿಹೋಗುತ್ತದೆ. ಸಿಲಿಕಾ ಜೆಲ್ ಪೊಟ್ಟಣ ಹಾಕಿ ನೆಮ್ಮದಿಯಾಗಿರುವುದೂ ಇದೇ ತಪ್ಪು ಲೆಕ್ಕದ ಇನ್ನೊಂದು ರೂಪ, ಏಕೆಂದರೆ ಅದು ತೇವವನ್ನು ಹೀರುತ್ತದೆಯೇ ಹೊರತು ಆಮ್ಲಜನಕವನ್ನಲ್ಲ.

ನಾನು ಮನೆಯಲ್ಲಿ ತಯಾರಿಸುವುದು ಬಿಯರ್ ಅಲ್ಲ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಅದಕ್ಕೆ ಪರವಾನಗಿ ಬೇಕು. ನನ್ನದು ಹಾಪ್ ನೀರು. ನಿಂಬೆರಸದಿಂದ ತುಸು ಹುಳಿ ಮಾಡಿದ ನೀರನ್ನು 75 ಡಿಗ್ರಿಯ ಆಸುಪಾಸಿಗೆ ಕಾಯಿಸಿ, ಲೀಟರಿಗೆ ಎರಡು ಮೂರು ಗ್ರಾಂ ಪೆಲೆಟ್ ನೆನೆಸಿ, ಸೋಸಿ, ತಣಿಸಿ ಗ್ಯಾಸ್ ತುಂಬಿದರೆ ಮುಗಿಯಿತು. ಬಿಯರಿನಲ್ಲಿ ಮಾಲ್ಟ್‌ನ ಸಿಹಿಯೂ ಯೀಸ್ಟ್‌ನ ವಾಸನೆಯೂ ಹಳಸಿದ ಹಾಪ್ಸ್‌ನ ದೋಷವನ್ನು ಒಂದಷ್ಟು ಮರೆಮಾಡಬಹುದು, ಆದರೆ ಈ ನೀರಿನಲ್ಲಿ ಮರೆಮಾಡುವುದಕ್ಕೆ ಏನೂ ಇಲ್ಲವಾದ್ದರಿಂದ ಶೇಖರಣೆಯ ವಿಷಯದಲ್ಲಿ ನಾನು ಹೆಚ್ಚು ನಿಷ್ಠುರನಾಗಬೇಕಾಯಿತು.

ಕೆಡುವ ಬಗೆಯನ್ನು ತಿಳಿದರೆ ಉಪಾಯ ತಾನಾಗಿ ಹೊಳೆಯುತ್ತದೆ. ಹೂವಿನ ಎಸಳುಗಳ ಬುಡದಲ್ಲಿರುವ ಹಳದಿ ಲ್ಯುಪುಲಿನ್ ಕಣಗಳಲ್ಲಿ ಕಹಿಗೆ ಕಾರಣವಾದ ಆಲ್ಫಾ ಆಮ್ಲಗಳೂ ಪರಿಮಳದ ಎಣ್ಣೆಗಳೂ ಇರುತ್ತವೆ. ಆ ಎಣ್ಣೆಗಳಲ್ಲಿ ಮಿರ್ಸೀನ್ ಬೇಗ ಹಾರುತ್ತದೆ. ಆಮ್ಲಗಳು ಆಮ್ಲಜನಕದೊಡನೆ ಸೇರಿ ಒಡೆಯುತ್ತ, ಕೊನೆಗೆ ಐಸೋವ್ಯಾಲೆರಿಕ್ ಆಮ್ಲವಾಗಿ ಹಳೆಯ ಚೀಸ್‌ನ ನಾತ ಬೀರುತ್ತವೆ. ತಾಪ ಪ್ರತಿ 15 ಡಿಗ್ರಿ ಇಳಿದಾಗ ಈ ಕೆಡುಕಿನ ವೇಗ ಸುಮಾರು ಅರ್ಧಕ್ಕಿಳಿಯುತ್ತದೆಂಬುದು ಬ್ರೂಯಿಂಗ್ ಮಾಡುವವರು ಬಳಸುವ ಸ್ಥೂಲ ಲೆಕ್ಕ. ಹಾಗಾದರೆ 30 ಡಿಗ್ರಿಯ ನಮ್ಮ ಅಡಿಗೆಮನೆಗೂ ಮೈನಸ್ 15 ಡಿಗ್ರಿಯ ಫ್ರೀಜರ್‌ಗೂ ಎಂಟು ಪಟ್ಟು ಅಂತರ. ತಳಿಯೂ ಮುಖ್ಯ: ಕ್ಯಾಸ್ಕೇಡ್ 20 ಡಿಗ್ರಿಯಲ್ಲಿ ಆರು ತಿಂಗಳಿದ್ದರೆ ಆಲ್ಫಾ ಆಮ್ಲದ ಹತ್ತಿರ ಹತ್ತಿರ ಅರ್ಧವನ್ನು ಕಳೆದುಕೊಳ್ಳುತ್ತದೆ, ಮ್ಯಾಗ್ನಮ್ ಅದಕ್ಕಿಂತ ಬಹಳ ಗಟ್ಟಿ. ಇಪ್ಪತ್ತು ಡಿಗ್ರಿ ಎಂಬುದು ಮಂಗಳೂರಿನ ಮನೆಯೊಳಗೆ ಏಸಿಯಿಲ್ಲದೆ ಸಿಗುವ ತಾಪವಂತೂ ಅಲ್ಲ.

ಆದ್ದರಿಂದ ಪೊಟ್ಟಣ ಮನೆಗೆ ಬಂದ ದಿನವೇ ನಾನು ಅದನ್ನು ಒಡೆದು, ಒಂದು ಸಲದ ಬಳಕೆಗೆ ಸಾಕಾಗುವ ಹತ್ತು ಗ್ರಾಂಗಳ ಪುಟ್ಟ ಪೊಟ್ಟಣಗಳಾಗಿ ಹಂಚುತ್ತೇನೆ. ದೊಡ್ಡ ಪೊಟ್ಟಣವನ್ನು ಮತ್ತೆ ಮತ್ತೆ ತೆರೆದು ಮುಚ್ಚುವುದಕ್ಕಿಂತ ಹಾನಿಕರವಾದುದು ಬೇರೊಂದಿಲ್ಲವೆಂಬುದು ನನ್ನ ಅಭಿಪ್ರಾಯ. ಸಾಮಾನ್ಯ ಪಾಲಿಥೀನ್ ಚೀಲವೂ ಜಿಪ್ ಚೀಲವೂ ನಿಧಾನವಾಗಿ ಆಮ್ಲಜನಕವನ್ನು ಒಳಬಿಡುವುದರಿಂದ ನಾನು ಬಳಸುವುದು ಒಳಗೆ ಅಲ್ಯೂಮಿನಿಯಂ ಪದರವಿರುವ ಚೀಲಗಳನ್ನು. ನಮ್ಮೂರಿಗೆ ಇದು ಹೊಸ ವಿದ್ಯೆಯೇನಲ್ಲ. ಗೇರುಬೀಜದ ತಿರುಳು ಕನರಬಾರದೆಂದು ಗಾಳಿ ತೆಗೆದು ಸಾರಜನಕ ಅಥವಾ ಇಂಗಾಲದ ಡೈಆಕ್ಸೈಡ್ ತುಂಬಿ ಪ್ಯಾಕ್ ಮಾಡುವುದು ಇದೇ ತತ್ತ್ವದ ಮೇಲೆ. ಮನೆಬಳಕೆಯ ಅಗ್ಗದ ವ್ಯಾಕ್ಯೂಮ್ ಸೀಲರ್ ನುಣುಪಾದ ಫಾಯಿಲ್ ಚೀಲದಿಂದ ಗಾಳಿಯನ್ನು ಸರಿಯಾಗಿ ಎಳೆಯುವುದಿಲ್ಲ, ಏಕೆಂದರೆ ಚೀಲದ ಎರಡು ಬದಿಗಳು ಮೊದಲೇ ಒಂದಕ್ಕೊಂದು ಅಂಟಿಕೊಂಡು ದಾರಿ ಮುಚ್ಚುತ್ತವೆ. ಆ ಯಂತ್ರದ ಜೊತೆ ಬರುವ, ಉಬ್ಬುಗೆರೆಗಳಿರುವ ಚೀಲದಿಂದ ಎರಡು ಬೆರಳಗಲದ ಪಟ್ಟಿ ಕತ್ತರಿಸಿ ಫಾಯಿಲ್ ಚೀಲದ ಬಾಯೊಳಗಿಟ್ಟರೆ ಗೆರೆಗಳ ನಡುವಿನಿಂದ ಗಾಳಿ ಹೊರಬಂದು, ಪಟ್ಟಿಯೂ ಸೇರಿ ಸೀಲ್ ಆಗುತ್ತದೆ. ಉಳಿದ ಗಾಳಿಗೆಂದು ಕಬ್ಬಿಣದ ಪುಡಿಯ ಆಮ್ಲಜನಕ ಹೀರುವ ಪುಟ್ಟ ಸ್ಯಾಚೆಯನ್ನೂ ಹಾಕುವುದುಂಟು. ಆದರೆ ಅದು ಚಳಿಯಲ್ಲಿ ಮಂದವಾಗುವುದರಿಂದ, ಸೀಲ್ ಮಾಡಿದ ಪೊಟ್ಟಣವನ್ನು ಕೆಲವು ಗಂಟೆ ಹೊರಗೇ ಇಟ್ಟು, ಅದರ ಕೆಲಸ ಮುಗಿದ ಮೇಲೆ ಫ್ರೀಜರ್‌ಗೆ ಹಾಕುತ್ತೇನೆ.

ಪೊಟ್ಟಣದ ಮೇಲೆ ತಳಿ, ಕೊಯ್ಲಿನ ವರ್ಷ, ಆಲ್ಫಾ ಶೇಕಡಾವಾರು ಬರೆಯುತ್ತೇನೆ. ಪ್ಯಾಕ್ ಮಾಡಿದ ದಿನಾಂಕಕ್ಕಿಂತ ಕೊಯ್ಲಿನ ವರ್ಷವೇ ಮುಖ್ಯ, ಆದರೂ ಕೆಲವು ಮಾರಾಟಗಾರರು ಅದನ್ನೇ ಮುದ್ರಿಸುವುದಿಲ್ಲ.

ಫ್ರೀಜರ್‌ನಲ್ಲಿ ಬಂಗುಡೆ, ಬೂತಾಯಿಗಳ ನೆರೆಹೊರೆ ತಪ್ಪಿದ್ದಲ್ಲ. ಫಾಯಿಲ್ ವಾಸನೆಯನ್ನು ತಡೆಯುತ್ತದೆಯಾದರೂ ಸೀಲ್ ಸಡಿಲವಾದರೆ ಏನಾಗಬಹುದೆಂದು ಯೋಚಿಸಿ ಎಲ್ಲವನ್ನೂ ಇನ್ನೊಂದು ಬಿಗಿ ಡಬ್ಬಿಯೊಳಗಿಟ್ಟಿದ್ದೇನೆ. ಮಳೆಗಾಲದಲ್ಲಿ ಕರೆಂಟು ಕೈಕೊಡುವುದರಿಂದ ಖಾಲಿ ಜಾಗವನ್ನು ಮುಕ್ಕಾಲು ತುಂಬಿದ ನೀರಿನ ಬಾಟಲಿಗಳಿಂದ ತುಂಬಿಸಿದ್ದೇನೆ. ತುಂಬಿದ ಫ್ರೀಜರ್ ಬಾಗಿಲು ತೆರೆಯದಿದ್ದರೆ ಬಹಳ ಹೊತ್ತು ಚಳಿಯನ್ನು ಹಿಡಿದಿಡುತ್ತದೆ.

ತೇವದ ಮಾತು ಬರುವುದು ಹೊರತೆಗೆಯುವಾಗ. ಜುಲೈಯ ಗಾಳಿಗೆ ತಣ್ಣನೆಯ ಪೆಲೆಟ್ ತೆರೆದಿಟ್ಟರೆ ಅರೆಗಳಿಗೆಯಲ್ಲಿ ಹನಿಗಟ್ಟಿ ಮೆತ್ತಗಾಗುತ್ತದೆ. ಪೂರ್ತಿ ಪೊಟ್ಟಣವನ್ನು ಆಗಲೇ ನೀರಿಗೆ ಸುರಿಯುವುದಾದರೆ ಚಿಂತೆಯಿಲ್ಲ. ಅರ್ಧ ಮಾತ್ರ ಬೇಕಾದಾಗ, ಮುಚ್ಚಿದ ಪೊಟ್ಟಣವೇ ಕೋಣೆಯ ತಾಪಕ್ಕೆ ಬರುವವರೆಗೆ ಕಾದು, ಅನಂತರವೇ ಕತ್ತರಿಸುತ್ತೇನೆ.

ಬಳಸುವ ಮೊದಲು ಒಂದು ಪೆಲೆಟ್ಟನ್ನು ಅಂಗೈಯಲ್ಲಿ ಉಜ್ಜಿ ಮೂಸುವುದು ನನ್ನ ಕೊನೆಯ ಪರೀಕ್ಷೆ. ಹಸಿರು ಬಣ್ಣ ಕಂದಿಗೆ ತಿರುಗಿ, ಒಣಹುಲ್ಲಿನ ಅಥವಾ ಚೀಸ್‌ನ ವಾಸನೆ ಬಂದರೆ ಹಾಪ್ ನೀರಿಗೆ ಅದು ನಿರುಪಯುಕ್ತ. ಬೆಲ್ಜಿಯಂನಲ್ಲಿ ಲ್ಯಾಂಬಿಕ್ ಎಂಬ ಹುಳಿ ಬಿಯರ್ ತಯಾರಿಸುವವರು ಬೇಕೆಂದೇ ವರ್ಷಗಟ್ಟಲೆ ಹಳತಾದ ಹಾಪ್ಸ್ ಬಳಸುತ್ತಾರೆ, ಆದರೆ ಅವರಿಗೆ ಬೇಕಾದದ್ದು ಪರಿಮಳವಲ್ಲ, ಪಾನೀಯವನ್ನು ಕಾಯುವ ಗುಣ. ನಾನು ಅಂಥದ್ದನ್ನು ತೆಂಗಿನ ಬುಡದಲ್ಲಿ ಆಳವಾಗಿ ಹೂಳುತ್ತೇನೆ. ಹಾಪ್ಸ್ ನಾಯಿಗಳಿಗೆ ವಿಷವಾದ್ದರಿಂದ ಮೇಲೆ ಚೆಲ್ಲುವಂತಿಲ್ಲ.